ಕೇತರಸನ ತೂಕದ ಮಣೆ

"ಕೇಳ್ರಪ್ಪೋ ಕೇಳ್ರಿ! ಅರಸರ ಮೈತೂಕ ತಪ್ಪಿಲ್ಲದೆ ತೋರಿಸುವ ಮಣೆ ತಂದು, ರಾಜಕುಮಾರಿಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರಿಗೆ ಹುಣ್ಣಿಮೆಯ ದಿನ ಗಲ್ಲು!"

ಹಿರೇಕೋಟೆಯ ಓಣಿ ಓಣಿಯಲ್ಲೂ ಹೀಗೆ ಡಂಗುರ ಬಿತ್ತು. ಅರಸರ ಕಾಲದಲ್ಲಿ ನಿಂತು ತೂಗಿಕೊಳ್ಳುವ ಮಣೆ ಎಲ್ಲಿತ್ತು ಎಂದು ಕೇಳಬೇಡಿ. ಇತ್ತು. ಮೇಲೆ ನಿಂತರೆ ಮುಂದಿನ ಮುಳ್ಳು ತಿರುಗುತ್ತಿತ್ತು. ಅದಿಲ್ಲದಿದ್ದರೆ ಈ ಕತೆಯೂ ಇಲ್ಲ.

ಅರಸ ಕೇತರಸನಿಗೆ ಮೊಣಕಾಲು ನೋವು. ಮೈ ಇಳಿಸದಿದ್ದರೆ ಹಾಸಿಗೆ ಹಿಡಿಯುತ್ತೀರಿ ಎಂದು ವೈದ್ಯ ಹೆದರಿಸಿದ್ದ. ಅಂದಿನಿಂದ ಅಡುಗೆಯ ನಿಂಗವ್ವ ಅವನಿಗೆ ಜೋಳದ ನುಚ್ಚು, ಸೊಪ್ಪು, ಮಜ್ಜಿಗೆ ಬಿಟ್ಟು ಬೇರೇನೂ ಬಡಿಸಿರಲಿಲ್ಲ. ಆದರೆ ಅರಸನಿಗೆ ತಾಳ್ಮೆ ಎಂಬುದೇ ಇಲ್ಲ. ಎದ್ದು ಬಚ್ಚಲಿಗೆ ಹೋಗಿ ಮಣೆ ಹತ್ತುವನು, ಉಂಡು ಹತ್ತುವನು, ಕಿರೀಟ ಇಟ್ಟುಕೊಂಡೇ ಹತ್ತುವನು. ಅವನ ಪಾದ ಬರಿ ನೆಲ ಸೋಕಬಾರದು ಎಂಬುದು ಅಲ್ಲಿಯ ಪದ್ಧತಿ. ಹೋದಲ್ಲೆಲ್ಲ ಆಳುಗಳು ಮುಂದೆ ಜಮಖಾನ ಹಾಸುತ್ತಿದ್ದರು, ಬಚ್ಚಲಲ್ಲೂ. ಮುಳ್ಳು ಇಳಿದರೆ ಅವನಿಗೆ ಹಬ್ಬ, ಏರಿದರೆ ನಿದ್ದೆಯಿಲ್ಲ. ಒಂದು ಸಂಜೆ ಮುಳ್ಳು ಬಹಳವೇ ಏರಿಬಿಟ್ಟಿತು.

"ಈ ಮುದುಕಿ ಕದ್ದು ತುಪ್ಪ ಸುರೀತಾಳ!" ಎಂದವನೇ ನಿಂಗವ್ವನನ್ನು ಸೆರೆಗೆ ತಳ್ಳಿದ. ಹುಣ್ಣಿಮೆಗೆ ಗಲ್ಲು ಎಂದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅದನ್ನು ಅವನಿಗೆ ಹೇಳುವವರಾರು?

ರಾಜಕುಮಾರಿ ಸೋವಲದೇವಿ ನಿಂಗವ್ವನ ಕೈತುತ್ತು ತಿಂದು ಬೆಳೆದವಳು. ಅಪ್ಪನಿಗೆ ನೇರವಾಗಿ ಬುದ್ಧಿ ಹೇಳಿದರೆ ನಾಟುವುದಿಲ್ಲ, ಒಗಟೆಂದರೆ ಮಾತ್ರ ಕಿವಿ ನೆಟ್ಟಗಾಗುತ್ತದೆ ಎಂದು ಬಲ್ಲ ಅವಳೇ ಈ ಪರೀಕ್ಷೆ ಹೂಡಿದ್ದಳು. ತಪ್ಪಿದವರಿಗೆ ಗಲ್ಲು ಎಂಬುದನ್ನು ಸೇರಿಸಿದವನು ಅರಸ.

ಮೊದಲು ಬೆಳ್ಳಿ ಮಣೆ ಹೊರಿಸಿಕೊಂಡು ಒಬ್ಬ ವ್ಯಾಪಾರಿ ಬಂದ. ಸೋವಲದೇವಿ ಕೇಳಿದಳು: "ಒಬ್ಬ ದಿನಾ ಸುಳ್ಳು ಹೇಳತಾನ. ಆದ್ರೂ ಅವನ ಮಾತಿನ ಮ್ಯಾಲೆ ದಾರಿ ನಡೀಬಹುದು. ಯಾರವ?"

"ಜ್ಯೋತಿಷಿ" ಎಂದ ವ್ಯಾಪಾರಿ. ಆಸ್ಥಾನದ ಜ್ಯೋತಿಷಿ ಮುಖ ಗಂಟಿಕ್ಕಿಕೊಂಡ. ವ್ಯಾಪಾರಿ ಸೆರೆಗೆ ಹೋದ. ಗಾಜಿನ ಮಣೆ ತಂದ ನೆರೆಯ ಯುವರಾಜ ಮೀಸೆ ತಿರುವಿ "ಪ್ರೇಮಿ" ಎಂದ. ಅವನೂ ಹೋದ. ಅವ್ವನಂಥವಳನ್ನು ಉಳಿಸಲು ಹೋಗಿ ಸೆರೆಮನೆ ತುಂಬಿಸುತ್ತಿದ್ದೇನಲ್ಲ ಎಂದು ಸೋವಲದೇವಿಗೆ ಊಟ ಸೇರದಾಯಿತು.

ನಾಳೆ ಹುಣ್ಣಿಮೆ ಎನ್ನುವಾಗ ನಿಂಗವ್ವನ ಮಗ ದುಗ್ಗಪ್ಪ ಬಂದ. ಸೌದೆ ಹೊರುವ ಹುಡುಗ. ಸೌದೆ ಅಡ್ಡೆಯ ಹಳೇ ಮಣೆ ಅವನ ತಲೆಯ ಮೇಲಿತ್ತು. ಅದೇ ಒಗಟು ಕೇಳಿ ಅವನು ತಲೆ ಕೆರೆದುಕೊಂಡ.

"ನಮ್ಮ ಸೋದರಮಾವ ಇದ್ದಾನ್ರಿ. ಯಾವ ಊರಿನ ದಾರಿ ಕೇಳಿದ್ರೂ ಒಂದು ಹರದಾರಿ ಹೆಚ್ಚ ಹೇಳತಾನ. ನಾವು ಒಂದು ಕಳದು ನಡೀತೀವಿ, ಊರು ಸಿಗತೈತಿ. ಈ ಮಣೆನೂ ಹಂಗ ರೀ. ಎರಡು ಸೇರು ಹೆಚ್ಚ ತೋರಸತೈತಿ, ಆದ್ರ ದಿನಾ ಅಷ್ಟ. ಎಷ್ಟು ಇಳದ್ರಿ ಅಂತ ತಿಳೀಲಿಕ್ಕೆ ಅಷ್ಟು ಸಾಕಲ್ರಿ?"

"ಹೌದು, ಇದ ಉತ್ತರ!" ಎಂದಳು ಸೋವಲದೇವಿ.

"ತೋರಿಸು ನೋಡೋಣು" ಎಂದ ಅರಸ. ನೀರು ತುಂಬಿದ ಕೊಡವನ್ನು ಮಣೆಯ ಮೇಲೆ ಇಟ್ಟರು, ಇಳಿಸಿ ಮತ್ತೆ ಇಟ್ಟರು. ಮುಳ್ಳು ಒಂದೊಂದು ಸಲ ಒಂದೊಂದು ಕಡೆ ನಿಂತಿತು. ಭಟರು ಅವನ ರಟ್ಟೆ ಹಿಡಿದರು.

"ತಡೀರಿ! ಎರಡನೇದು ಕೇಳಿಲ್ಲ" ಎಂದು ಸೋವಲದೇವಿ ಕೂಗಿದಳು. "ಖರೇ ಹೇಳುವವನ ಬಾಯಾಗೂ ಸುಳ್ಳು ಹೇಳಸಾಂವ ನಿನ್ನ ಕಾಲ ಕೆಳಗ ಅದಾನ. ಯಾರವ?"

ದುಗ್ಗಪ್ಪ ಬಗ್ಗಿ ನೋಡಿದ. ಪಾದ ಮೆತ್ತಗೆ ಹೂತಿದ್ದವು. ಮಣೆಯೂ ಒಂದು ಮಗ್ಗುಲಿಗೆ ಹೂತಿತ್ತು.

"ಜಮಖಾನ ರೀ!" ಎಂದವನೇ ಅರಸನ ಎದುರಿಗೇ ಅದನ್ನು ಎಳೆದು ಬಿಸಾಡಿದ. ಮಂತ್ರಿಗಳು ಶಿವ ಶಿವಾ ಎಂದರು. ಬರಿ ಕಲ್ಲಿನ ಮೇಲೆ ಮಣೆ ಇಟ್ಟು ಕೊಡ ಇಟ್ಟರು. ಎಷ್ಟು ಸಲ ಇಟ್ಟರೂ ಮುಳ್ಳು ಒಂದೇ ಗೆರೆಗೆ ಬಂದು ನಿಂತಿತು. ಬಚ್ಚಲಲ್ಲೂ ಇಂಥದೇ ಇತ್ತಲ್ಲ ಎಂದು ಅರಸ ಬಿದ್ದ ಜಮಖಾನವನ್ನೇ ನೋಡಿದ.

"ಮೂರನೇದು. ಬಗ್ಗಿ ಬಗ್ಗಿ ನೋಡಿದ್ರ ಕಾಣಂಗಿಲ್ಲ, ಬಿಟ್ಟು ನೋಡಿದ್ರ ಕಾಣತೈತಿ. ಏನದು?"

ದುಗ್ಗಪ್ಪ ಅರಸನ ಮೈಯನ್ನೊಮ್ಮೆ ನೋಡಿ ಹೇಳಿದ: "ಕರ ಬೆಳಿಯೂದು ಮನಿಯವ್ರಿಗೆ ಕಾಣಂಗಿಲ್ಲ, ಬಂದ ಬೀಗರಿಗೆ ಕಾಣತೈತಿ. ಅರಸರ ಮೈ ಇಳಿಯೂದೂ ಹಂಗ ರೀ. ಮುಂಜಾನೆ ಹಗುರ, ಉಂಡ ಮ್ಯಾಲೆ ಭಾರ. ಗಳಿಗೆಗೊಮ್ಮೆ ನೋಡಿದ್ರ ಹುಚ್ಚು ಹಿಡೀತೈತಿ. ವಾರಕ್ಕೊಮ್ಮೆ, ಹೊತ್ತು ಹುಟ್ಟೂ ಮುಂದ, ಖಾಲಿ ಹೊಟ್ಟಿಲೆ, ಕಿರೀಟ ತಗದು, ಬರಿ ಪಂಜೆ ಉಟ್ಕೊಂಡು ನಿಂದರ್ರಿ. ಮುಂದಿನ ಹುಣ್ಣಿಮಿ ತನಕ ಅವ್ವ ಮಾಡೂ ನುಚ್ಚ ನಾ ಮಾಡಿ ಹಾಕತೀನಿ. ಇಳೀಲಿಲ್ಲ ಅಂದ್ರ ನನ್ನೂ ಅಕಿ ಜೋಡಿ ಗಲ್ಲಿಗೆ ಏರಸ್ರಿ."

ಮೂರೂ ಬಿಡಿಸಿದ ಎಂದಳು ಸೋವಲದೇವಿ; ಅರಸ ಒಪ್ಪಿ ಎಲ್ಲರ ಗಲ್ಲನ್ನೂ ಮುಂದಿನ ಹುಣ್ಣಿಮೆಗೆ ಮುಂದೂಡಿದ. ಆ ತಿಂಗಳು ಅರಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಮಣೆಯಿಟ್ಟ ಬಚ್ಚಲ ಬೀಗದ ಕೈ ಮಗಳ ಸೆರಗಿನಲ್ಲಿ. ಅರಸ ಬಾಗಿಲ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದ. ಮೊದಲ ವಾರ ಮುಳ್ಳು ಕೂದಲೆಳೆಯಷ್ಟು ಏರಿದಾಗ ದುಗ್ಗಪ್ಪನ ಕೈಯಲ್ಲಿನ ಸೌಟು ಜಾರಿತು. ಮುಂದಿನ ವಾರ ಇಳಿಯಿತು. ಮತ್ತೆ ಇಳಿಯಿತು. ಹುಣ್ಣಿಮೆಯ ಬೆಳಗ್ಗೆ ಮುಳ್ಳು ನಿಂತ ಜಾಗ ನೋಡಿ ವೈದ್ಯನೇ ಚಪ್ಪಾಳೆ ತಟ್ಟಿದ.

"ಬೇಡು" ಎಂದ ಅರಸ.

"ಅವ್ವನ್ನ ಬಿಡ್ರಿ. ಒಗಟು ತಪ್ಪಿದವ್ರನ್ನೂ ಬಿಡ್ರಿ."

ಅವನು ಬೇಡದೆಯೇ ಅರಸ ಕೆರೆಯ ಕೆಳಗಿನ ಹೊಲವನ್ನೂ ಕೊಟ್ಟ. ಆಮೇಲೆ ತಾನೇ ಎದ್ದ. ಆಳುಗಳು ಜಮಖಾನ ಹಿಡಿದು ಓಡಿ ಬಂದರು. ಬೇಡವೆಂದು ಕೈಯಾಡಿಸಿ, ಹರಳುಗಲ್ಲಿನ ಮೇಲೆ ಬರಿಗಾಲಲ್ಲೇ ನಡೆದು ಹೋಗಿ ಸೆರೆಮನೆಯ ಬಾಗಿಲು ತೆರೆದ.

"ತಪ್ಪಾತವ್ವ" ಎಂದ.

ನಿಂಗವ್ವ ಬೆಳಕಿಗೆ ಕಣ್ಣು ಕಿರಿದು ಮಾಡಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಿಟ್ಟು ಇತ್ತು, ಆದರೆ ಬಾಯಿಗೆ ಬಂದದ್ದು ಬೇರೆ.

"ಅಯ್ಯ ನನ್ನಪ್ಪ, ಎಷ್ಟು ಬಡವಾಗೀರಿ! ಹೊಟ್ಟಿಗೆ ಏನರ ತಿಂತೀರಿಲ್ಲೋ?"

ಅಷ್ಟು ಮಣೆ ಹತ್ತಿ ಇಳಿದರೂ ಸಿಗದ ಮಾತು ಅದು. ಕೇತರಸ ಅಲ್ಲೇ ಬರಿ ನೆಲದ ಮೇಲೆ ಕೂತು ಅತ್ತುಬಿಟ್ಟ.