ಅಧ್ಯಕ್ಷರು ಬಾಗಿನ ಬಿಟ್ಟ ಜಾಗ

ವಾರವಿಡೀ ಜಡಿಮಳೆ ಸುರಿದರೂ ಊರ ಕೆರೆಯಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ. ಪಂಚಾಯಿತಿ ಅಧ್ಯಕ್ಷ ಪುಟ್ಟಮಾದೇಗೌಡರಿಗೋ, ಕೆರೆ ತುಂಬಿತೆಂದು ಬಾಗಿನ ಬಿಡುವ ಅವಸರ. ಟಿವಿಯವರಿಗೆ ಹೇಳಿಯಾಗಿತ್ತು, ರೇಷ್ಮೆ ಪಂಚೆಗೆ ಇಸ್ತ್ರಿಯೂ ಆಗಿತ್ತು.

ಕೆರೆಯ ತೂಬು ಕಾಯುವ ನೀರಗಂಟಿಯನ್ನು ಕರೆದು ಗದರಿದರು: "ನೆಪ ಹೇಳಬೇಡ. ನೀರು ಎಲ್ಲಿ ನಿಂತಿದೆಯೋ ಅಲ್ಲೇ ಏರ್ಪಾಡು ಮಾಡು."

"ಆಗ್ಲಿ ಬುದ್ಧಿ," ಅಂದ ನೀರಗಂಟಿ.

ಮರುದಿನ ವಾಲಗದ ಜೊತೆ ಮೆರವಣಿಗೆ ಹೊರಟಿತು. ಮುಂದೆ ನೀರಗಂಟಿ, ಹಿಂದೆ ಅಧ್ಯಕ್ಷರು. ಕೆರೆ ಏರಿ ದಾಟಿ ಎಲ್ಲರೂ ಹೋಗಿ ನಿಂತದ್ದು ಅಧ್ಯಕ್ಷರದೇ ಹೊಸ ಕಲ್ಯಾಣ ಮಂಟಪದ ಮುಂದೆ. ಗುಡ್ಡದ ನೀರನ್ನು ಕೆರೆಗೆ ತರುತ್ತಿದ್ದ ಕಾಲುವೆಯನ್ನು ಮುಚ್ಚಿ ಕಟ್ಟಿದ್ದು ಅದು. ನೆಲಮಾಳಿಗೆಯಲ್ಲಿ ಎದೆಮಟ್ಟ ನೀರು. ಊಟದ ಕುರ್ಚಿಗಳು ತೇಲುತ್ತಿದ್ದವು. ಇಳಿಯುವ ಮೆಟ್ಟಿಲಿಗೆ ಮಾವಿನ ತೋರಣ ಕಟ್ಟಿತ್ತು.

"ಏನಯ್ಯ ಇದು!" ಅಧ್ಯಕ್ಷರು ಕೆಂಡವಾದರು.

"ನೀರು ನಿಂತ ಕಡೆ ಅಂತ ನಿಮ್ಮದೇ ಅಪ್ಪಣೆ ಬುದ್ಧಿ."

ಟಿವಿಯವರ ಕ್ಯಾಮೆರಾ ಆಗಲೇ ಮುಖದ ಮೇಲಿತ್ತು. ಅಧ್ಯಕ್ಷರು ಹಲ್ಲು ಕಚ್ಚಿಕೊಂಡೇ ನಕ್ಕು, ಬಾಗಿನದ ಮೊರವನ್ನು ತೇಲಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು.

ನೀರಗಂಟಿ ಕೈಮುಗಿದು, ಎಲ್ಲರಿಗೂ ಕೇಳುವಂತೆ ಅಂದ: "ನೀವೇ ಬಾಗಿನ ಬಿಟ್ಟ ಮೇಲೆ ಇದು ಕೆರೇನೇ ಆಯ್ತು. ಇನ್ನು ಕೆರೆಯೊಳಗೆ ಮಂಟಪ ಕಟ್ಟಿದೋನು ಯಾವನು ಅಂತ ನೀವೇ ವಿಚಾರಿಸಬೇಕು ಬುದ್ಧಿ."