ಚೌಕ ಎಲ್ಲಿಡಬೇಕು

“ಬುದ್ಧಿ, ಎಲ್ಲರನ್ನೂ ಸಮನಾಗಿ ನೋಡುವುದು ಹೇಗೆ?”

ಕೇಳಿದವನು ಮಲ್ಲಿನಾಥ. ಮಠಕ್ಕೆ ಬರುವ ಜನರ ಕಷ್ಟಸುಖ ವಿಚಾರಿಸುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿ ಕೆಲವು ತಿಂಗಳಾಗಿತ್ತು. ಕೆಲಸ ಅವನಿಗೆ ಇಷ್ಟವಾಗಿತ್ತು. ಆದರೆ ಇತ್ತೀಚೆಗೆ ಅವನ ಮುಖ ಸಪ್ಪಗಾಗಿತ್ತು.

“ನಾನು ಯಾರನ್ನೂ ಆರಿಸುವುದಿಲ್ಲ, ಬುದ್ಧಿ. ಇವರು ಬೇಕಾದವರು, ಅವರು ಬೇಡದವರು ಅನ್ನುವುದು ನನ್ನಲ್ಲಿಲ್ಲ. ಬಾಗಿಲೂ ತೆರೆದಿರುತ್ತದೆ, ಕಣ್ಣೂ ತೆರೆದಿರುತ್ತದೆ. ಆದರೂ ‘ಅವರು ನಮ್ಮ ಕಡೆ ನೋಡಲೇ ಇಲ್ಲ’ ಅಂತ ಜನ ಹೊರಗೆ ಹೋಗಿ ಆಡಿಕೊಳ್ಳುತ್ತಾರೆ. ನನ್ನ ತಪ್ಪೇನು?”

ಗುರುಗಳು ಬಾಯಲ್ಲಿದ್ದ ಲವಂಗವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದರು.

“ಕಣ್ಣು ತೆರೆದಿರುತ್ತದೆ ಅಂತೀಯ. ಭೇಷ್. ಮೀನಿನ ಕಣ್ಣೂ ತೆರೆದೇ ಇರುತ್ತದೆ. ಕೂತುಕೋ, ಒಂದು ಕತೆ ಹೇಳುತ್ತೇನೆ. ಕ್ಯಾಮರಾದ ಕತೆ.”

ಮಲ್ಲಿನಾಥನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ.

“ಯಾಕಯ್ಯಾ ನಗು? ಬಂದವರೆಲ್ಲ ನನ್ನ ಹತ್ತಿರ ಮೋಕ್ಷದ ಮಾತೇ ಆಡುತ್ತಾರೆ ಅಂದುಕೊಂಡೆಯಾ? ಅವರವರ ಕಸುಬಿನ ಮಾತು ಆಡುತ್ತಾರೆ. ನನಗೂ ಅದೇ ರುಚಿ. ಕೇಳು.”

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀನು ಯಾವ ಊರು, ಯಾರ ಮಗ ಅಂತ ಕೇಳಿಕೊಂಡು ಕತೆಯನ್ನೇ ಬಿಟ್ಟುಬಿಡುತ್ತೀಯ. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲಕ್ಕೂ ಅವನನ್ನೇ ಕರೆಯುತ್ತಿದ್ದರು. ಒಳ್ಳೆಯ ಕೆಲಸಗಾರ. ಮಾತು ಮಾತ್ರ ಸ್ವಲ್ಪ ಜಾಸ್ತಿ.

ಅವನ ಹಳೆಯ ಕ್ಯಾಮರಾದ ಕಿಂಡಿಗೆ ಕಣ್ಣಿಟ್ಟರೆ ನಡುವೆ ಒಂದು ಸಣ್ಣ ಚೌಕ ಕಾಣುತ್ತಿತ್ತು. ಆ ಚೌಕವನ್ನು ಯಾರ ಮುಖದ ಮೇಲಿಟ್ಟು ಗುಂಡಿಯನ್ನು ಅರ್ಧ ಒತ್ತುತ್ತಾನೋ ಆ ಮುಖ ಸ್ಪಷ್ಟವಾಗುತ್ತಿತ್ತು. ಅದಕ್ಕಿಂತ ಮುಂದಿರುವುದು, ಹಿಂದಿರುವುದು ಮಸುಕಾಗುತ್ತಿತ್ತು. ಇದಕ್ಕೆ ಅವರು ಫೋಕಸ್ ಅನ್ನುತ್ತಾರೆ. ಹಾಗಾಗಿ ಪ್ರತಿ ಫೋಟೋಗೂ ಅವನು ಒಂದು ತೀರ್ಮಾನ ಮಾಡಲೇಬೇಕಿತ್ತು, ಇದರಲ್ಲಿ ಯಾರು ಮುಖ್ಯ ಅಂತ. ಅದು ಅವನಿಗೆ ಒಂದು ತಲೆನೋವಾಗಿತ್ತು.

ಆಮೇಲೆ ಹೊಸ ಕ್ಯಾಮರಾ ಕೊಂಡ. ಅದರಲ್ಲಿ ಈ ಮೂಲೆಯಿಂದ ಆ ಮೂಲೆಯವರೆಗೆ ಬರೀ ಚೌಕಗಳೇ. ‘ನೀವೇನೂ ಆರಿಸಬೇಕಾಗಿಲ್ಲ ಸಾರ್, ಇಡೀ ಚೌಕಟ್ಟನ್ನು ಇದೇ ನೋಡಿಕೊಳ್ಳುತ್ತೆ’ ಅಂತ ಹೇಳಿ ಅಂಗಡಿಯವನು ಅದನ್ನು ಹಾಗೇ ಹೊಂದಿಸಿಕೊಟ್ಟ. ನಮ್ಮವನಿಗೆ ಖುಷಿಯೋ ಖುಷಿ. ಗುಂಡಿ ಒತ್ತಿದರೆ ಸಾಕು, ಚೌಕಗಳು ಹಸಿರಾಗಿ ಮಿನುಗುತ್ತಿದ್ದವು. ‘ನನ್ನ ಕ್ಯಾಮರಾಕ್ಕೆ ಭೇದವಿಲ್ಲ, ಅದಕ್ಕೆ ಎಲ್ಲರೂ ಒಂದೇ’ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ. ನಿನ್ನ ಹಾಗೇ ಅನ್ನು.

ಅದೇ ಊರಿನಲ್ಲಿ ಒಬ್ಬ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ಒಬ್ಬಳೇ ಮಗಳನ್ನು ಸಾಕಿ ಓದಿಸಿದ್ದಳು. ಆ ಮಗಳಿಗೆ ಮದುವೆ ಗೊತ್ತಾಯಿತು. ಗಂಡು ಒಳ್ಳೆಯವನು, ಮನೆಯೂ ಒಳ್ಳೆಯದು. ಎಲ್ಲರಿಗೂ ಸಂತೋಷ.

ಧಾರೆ ಎರೆಯುವುದು ಗೊತ್ತಲ್ಲ? ಹೆಣ್ಣು, ಗಂಡು ಇಬ್ಬರ ಕೈಯಲ್ಲಿ ತೆಂಗಿನಕಾಯಿ ಇಟ್ಟು, ಅದರ ಮೇಲೆ ಹಾಲು ಬಿಟ್ಟು, ಹೆಣ್ಣನ್ನು ಒಪ್ಪಿಸಿಕೊಡುವುದು. ಹೆತ್ತವರು ಮಾಡುವ ಕೆಲಸ ಅದು. ಆದರೆ ಗಂಡನಿಲ್ಲದವಳು ಅಲ್ಲಿ ಮುಂದೆ ಬರಬಾರದು ಅನ್ನುವುದು ನಮ್ಮ ಜನದ ರೂಢಿ. ಅದಕ್ಕೆ ಅವಳ ತಮ್ಮ, ತಮ್ಮನ ಹೆಂಡತಿ ಎರೆಯುವುದು ಅಂತ ಆಯಿತು. ತಮ್ಮ ಒಳ್ಳೆಯವನೇ. ಯಾರೂ ಅವಳಿಗೆ ಹಿಂದೆ ಹೋಗು ಅನ್ನಲಿಲ್ಲ. ಅವಳೇ ಹೋಗಿ ಹಿಂದೆ ನಿಲ್ಲುತ್ತಿದ್ದಳು. ಇಂಥ ರೂಢಿಗಳಲ್ಲಿ ಅದೊಂದು ಅನುಕೂಲ ನೋಡು, ಯಾರೂ ಬಾಯಿ ಕೆಡಿಸಿಕೊಳ್ಳಬೇಕಾಗಿಲ್ಲ.

ಮದುವೆಯ ಹಿಂದಿನ ಸಂಜೆ, ಆರತಕ್ಷತೆಗೆ ಮುಂಚೆ, ಮದುಮಗಳು ಫೋಟೋಗ್ರಾಫರನ್ನು ಪಕ್ಕಕ್ಕೆ ಕರೆದಳು.

‘ಅಣ್ಣಾ, ನಾಳೆ ಧಾರೆ ಹೊತ್ತಿಗೆ ಅಮ್ಮ ನನ್ನ ಹಿಂದೆ ಆ ಕಂಬದ ಹತ್ತಿರ ನಿಂತಿರ್ತಾಳೆ. ನನಗೆ ತಿರುಗಿ ನೋಡೋಕಾಗಲ್ಲ. ಮೊದಲ ಹಾಲು ಬಿದ್ದಾಗ ಅವಳ ಮುಖ ಹೇಗಿತ್ತು ಅಂತ ನಾನು ನೋಡಬೇಕು. ಅವಳನ್ನೊಬ್ಬಳನ್ನೇ ತೆಗೀಬೇಡಿ, ನನ್ನನ್ನೂ ಅವಳನ್ನೂ ಒಂದೇ ಫೋಟೋದಲ್ಲಿ ಹಿಡೀರಿ. ಅದೊಂದು ಬಂದರೆ ಸಾಕು ನನಗೆ.’

‘ಅಯ್ಯೋ, ಅದಕ್ಕೇನಮ್ಮ! ಈ ಕ್ಯಾಮರಾದಲ್ಲಿ ಎಲ್ಲರೂ ಬರ್ತಾರೆ’ ಅಂದ ಅವನು.

ಆರತಕ್ಷತೆ ನಡೆಯಿತು. ಅವನು ಮನಸಾರೆ ಫೋಟೋ ತೆಗೆದ. ನಡುವೆ ಜನ ಕಡಿಮೆಯಾದಾಗ ಒಂದು ಕುರ್ಚಿಯಲ್ಲಿ ಕೂತು, ಕ್ಯಾಮರಾದ ಹಿಂಭಾಗದ ಪರದೆಯಲ್ಲಿ ಅವನ್ನೆಲ್ಲ ಒಂದೊಂದಾಗಿ ನೋಡಿದ. ತಾಯಿ ಎಷ್ಟೋ ಫೋಟೋಗಳಲ್ಲಿ ಇದ್ದಳು. ಒಂದರಲ್ಲಿ ಯಾರಿಗೋ ನೀರು ಕೊಡುತ್ತಿದ್ದಳು, ಒಂದರಲ್ಲಿ ಅಕ್ಷತೆ ತಟ್ಟೆ ಹಿಡಿದಿದ್ದಳು. ಒಂದರಲ್ಲೂ ಅವಳ ಮುಖ ಗುರುತು ಹತ್ತುವಂತಿರಲಿಲ್ಲ. ಸ್ಪಷ್ಟವಾಗಿ ಬಂದದ್ದು ಮುಂದೆ ನುಗ್ಗಿ ನಿಂತ ದೊಡ್ಡ ಮನುಷ್ಯರು, ಬೆಳ್ಳಿ ತಟ್ಟೆ, ಜರಿ ಪೇಟ. ಒಂದು ಫೋಟೋದಲ್ಲಂತೂ ಮದುಮಕ್ಕಳೂ ಮಸುಕು. ಯಾರೋ ಕೈಗೆ ಕೊಟ್ಟ ಹೂಗುಚ್ಛದ ಪ್ಲಾಸ್ಟಿಕ್ ಹಾಳೆ ಮಾತ್ರ ಫಳಫಳ ಹೊಳೆಯುತ್ತಿತ್ತು.

ಮಲ್ಲಿನಾಥ ನಡುವೆ ಬಾಯಿ ಹಾಕಿದ. “ಎಲ್ಲ ಚೌಕಗಳೂ ಕೆಲಸ ಮಾಡುತ್ತಿದ್ದವಲ್ಲ, ಬುದ್ಧಿ?”

“ಮಾಡುತ್ತಿದ್ದವು. ಆದರೆ ಫೋಕಸ್ ಕೂರುವುದು ಒಂದೇ ದೂರಕ್ಕೆ ಕಣಯ್ಯಾ. ಎಲ್ಲ ಕಡೆ ನೋಡಿ ಕೊನೆಗೆ ಒಂದನ್ನು ಹಿಡಿಯಲೇಬೇಕು. ಯಜಮಾನ ಬಾಯಿ ಬಿಡದಿದ್ದರೆ ಯಂತ್ರ ಏನು ಮಾಡೀತು? ಹತ್ತಿರವಿದ್ದದ್ದನ್ನು ಹಿಡಿಯುತ್ತದೆ, ಇಲ್ಲವೇ ಹೊಳೆಯುವುದನ್ನು ಹಿಡಿಯುತ್ತದೆ. ಅದಕ್ಕೆ ಪ್ಲಾಸ್ಟಿಕ್ ಹಾಳೆಯೂ ಒಂದೇ, ಹೆತ್ತ ತಾಯಿಯೂ ಒಂದೇ. ಸುಮ್ಮನೆ ಮುಂದೆ ಕೇಳು.”

ಫೋಟೋಗ್ರಾಫರ್ ಕ್ಯಾಮರಾ ಕೆಳಗಿಟ್ಟ. ಮದುಮಗಳಿಗೆ ಮಾತು ಕೊಟ್ಟಾಗಿದೆ. ಧಾರೆ ಇನ್ನೊಂದು ಸಲ ಮಾಡಿ ಅಂತ ಕೇಳುವ ಹಾಗಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಮಂಟಪಕ್ಕೆ ಬಂದ. ತನ್ನ ಹೆಗಲ ಮೇಲಿನ ಟವೆಲನ್ನು ಆ ಕಂಬಕ್ಕೆ ಕಟ್ಟಿ, ಅದನ್ನೇ ತಾಯಿ ಅಂದುಕೊಂಡು, ತಾನು ನಿಲ್ಲಬೇಕಾದ ಜಾಗದಲ್ಲಿ ನಿಂತ.

ಮೊದಲು ಕ್ಯಾಮರಾವನ್ನು ಅದರ ಪಾಡಿಗೆ ಬಿಟ್ಟು ನೋಡಿದ. ಮಂಟಪಕ್ಕೆ ಕಟ್ಟಿದ್ದ ಬಾಳೆಕಂದು ಚೆನ್ನಾಗಿ ಬಂತು. ಆಮೇಲೆ, ಕಂಬದ ಸುತ್ತಲಿನ ಕೆಲವು ಚೌಕಗಳನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಬಿಟ್ಟ. ಆಗ ಕಂಬದ ಮುಂದೆ ಇಳಿಬಿಟ್ಟಿದ್ದ ಸೇವಂತಿಗೆ ಮಾಲೆ ಬಂತು. ಪುಣ್ಯಾತ್ಮ ತಲೆ ಕೆರೆದುಕೊಂಡ. ಕೊನೆಗೆ ಒಂದೇ ಒಂದು ಚಿಕ್ಕ ಚೌಕ ಇಟ್ಟುಕೊಂಡ. ಹೆಬ್ಬೆರಳಿನ ಗುಂಡಿಯಿಂದ ಅದನ್ನು ನಡುವಿನಿಂದ ಸರಿಸುತ್ತಾ ಸರಿಸುತ್ತಾ ಮೇಲಿನ ಮೂಲೆಗೆ ಒಯ್ದು ಟವೆಲಿನ ಮೇಲೆ ಕೂರಿಸಿದ. ಟವೆಲಿನ ಅಂಚಿನ ನೂಲು ಎಳೆ ಎಳೆಯಾಗಿ ಕಂಡಿತು.

ಆದರೆ ಮುಂದೆ ಮದುಮಕ್ಕಳು ನಿಲ್ಲುವ ಜಾಗ ಮಸುಕಾಗಿತ್ತು. ಮಂಟಪದಲ್ಲಿ ಬೆಳಕು ಸಾಲದು. ಅಷ್ಟು ಬೆಳಕಿನಲ್ಲಿ ಮುಂದಿನವರು ಹಿಂದಿನವರು ಇಬ್ಬರೂ ಸ್ಪಷ್ಟವಾಗಿ ಸಿಗುವುದಿಲ್ಲ. ಮದುಮಕ್ಕಳು ಬೇಕೋ, ತಾಯಿ ಬೇಕೋ, ಅವನೇ ಹೇಳಬೇಕು.

ಅಷ್ಟು ಹೊತ್ತಿಗೆ ಮದುಮಗಳ ಸೋದರಮಾವ, ಅದೇ ಧಾರೆ ಎರೆಯಬೇಕಾದ ತಮ್ಮ, ಬಂದ. ಹೊಸ ಪಂಚೆ, ಪೇಟ, ಮುಖದಲ್ಲಿ ಗೆಲುವು.

‘ಮೊದಲ ಧಾರೇನ ಚೆನ್ನಾಗಿ ಹಿಡೀಪ್ಪ. ಮೊದಲು ಬೀಳೋ ಹಾಲು ಮತ್ತೆ ಬೀಳಲ್ಲ. ಆಮೇಲೆ ನೆಂಟರಿಷ್ಟರೆಲ್ಲ ಎರೀತಾರೆ, ಅದು ಹೇಗಾದರೂ ಬರಲಿ.’

‘ಆಗಲಿ ಯಜಮಾನರೇ’ ಅಂದುಬಿಟ್ಟ ಇವನು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ನೋಡು ಪಜೀತಿ! ಹಾಲು ಬೀಳುವುದು ಒಂದು ಗಳಿಗೆ, ಮಾತು ಕೊಟ್ಟಿರುವುದು ಇಬ್ಬರಿಗೆ.

ಮುಹೂರ್ತ ಬಂತು. ವಾದ್ಯದವರು ಜೋರಾಗಿ ಊದಿದರು. ಜನ ಮುಂದೆ ಒತ್ತಿ ಬಂದರು. ಕಿಂಡಿಯ ತುಂಬ ಸೋದರಮಾವನ ಪೇಟ, ಅವನ ಹೆಂಡತಿಯ ರೇಷ್ಮೆ ಸೀರೆ, ಪುರೋಹಿತರ ಭುಜ, ಮದುಮಗಳ ತಲೆಯ ಹೂವು. ಎಲ್ಲ ಹತ್ತಿರ, ಎಲ್ಲ ಹೊಳೆಯುವಂಥದ್ದು. ದೂರದ ಮೂಲೆಯಲ್ಲಿ, ಎರಡು ತಲೆಗಳ ನಡುವಿನ ಸಂದಿಯಲ್ಲಿ, ತಾಯಿಯ ಮುಖ. ಫೋಟೋಗ್ರಾಫರ್ ಚೌಕವನ್ನು ಅಲ್ಲಿಗೆ ಒಯ್ದ. ಗುಂಡಿಯನ್ನು ಅರ್ಧ ಒತ್ತಿ ಕಾದ. ಚೌಕ ಹಸಿರಾಯಿತು. ಚೊಂಬು ಬಾಗಿತು, ಹಾಲು ಬಿತ್ತು, ಅವನು ಪೂರ್ತಿ ಒತ್ತಿದ. ಆಮೇಲೆ ಚೌಕವನ್ನು ನಡುವಿಗೆ ತಂದು ಉಳಿದ ನೆಂಟರ ಧಾರೆಯನ್ನೆಲ್ಲ ಮಾಮೂಲಿನಂತೆ ತೆಗೆದ. ಅವೆಲ್ಲ ಚೆನ್ನಾಗಿಯೇ ಬಂದವು.

ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಸೋದರಮಾವ ಬಂದ. ‘ಎಲ್ಲಿ, ಮೊದಲ ಧಾರೆ ತೋರಿಸು’ ಅಂದ. ಇವನು ತೋರಿಸಿದ.

‘ಏನಯ್ಯಾ ಇದು! ನಾನಿಲ್ಲ, ನನ್ನ ಹೆಂಡತಿ ಇಲ್ಲ, ಮದುಮಕ್ಕಳೂ ಮಂಜು ಮಂಜು. ಯಾವುದೋ ಕಂಬ ಚೆನ್ನಾಗಿ ಬಂದಿದೆ. ಅಷ್ಟು ಹೇಳಿದ್ದೆನಲ್ಲೋ ನಿನಗೆ!’

ಮಾತಿನ ಮಲ್ಲ ಕ್ಯಾಮರಾವನ್ನು ಹತ್ತಿರಕ್ಕೆ ಎಳೆದುಕೊಂಡ. ಪರದೆಯಲ್ಲಿ ಆ ಮೂಲೆಯನ್ನು ದೊಡ್ಡದು ಮಾಡಿ ಅವನ ಮುಂದೆ ಹಿಡಿದ.

ಕಂಬದ ಪಕ್ಕದಲ್ಲಿ ಅಕ್ಕ ನಿಂತಿದ್ದಳು. ಅವಳು ಅಳುತ್ತಿರಬಹುದು ಅಂತ ಎಲ್ಲರೂ ಅಂದುಕೊಂಡಿದ್ದರು. ಅವಳು ನಗುತ್ತಿದ್ದಳು. ಎರಡೂ ಕೈಯನ್ನು ಎದೆಗಿಂತ ಸ್ವಲ್ಪ ಕೆಳಗೆ, ಚೊಂಬು ಹಿಡಿದವರ ಹಾಗೆ ಹಿಡಿದಿದ್ದಳು. ಚೊಂಬು ಇರಲಿಲ್ಲ. ಆ ಬರಿಗೈಗಳನ್ನು ಮುಂದಕ್ಕೆ ಬಾಗಿಸಿದ್ದಳು. ಇಲ್ಲಿ ತಮ್ಮ ಎರೆಯುತ್ತಿದ್ದ ಹೊತ್ತಿಗೆ ಸರಿಯಾಗಿ ಅಲ್ಲಿ ಅವಳೂ ಎರೆಯುತ್ತಿದ್ದಳು.

ತಮ್ಮ ಬಗ್ಗಿ ನೋಡಿದ. ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನೂ ಮರೆತ. ಅವನ ಕಣ್ಣು ತುಂಬಿಕೊಂಡಿತು.

‘ಅಕ್ಕ ನನಗಿಂತ ನೀಟಾಗಿ ಎರೆದಿದ್ದಾಳೆ’ ಅಂದ.

ಮದುಮಗಳನ್ನು ಕರೆದರು. ಅವಳು ನೋಡಿದಳು. ನಕ್ಕಳು, ಅತ್ತಳು, ಮತ್ತೆ ನಕ್ಕಳು. ‘ಕೈ ನೋಡಿ ಮಾವ, ಅಮ್ಮನ ಕೈ ನೋಡಿ’ ಅಂತ ಅದನ್ನೇ ಹೇಳಿದಳು. ಆಮೇಲೆ ತಾಯಿಯನ್ನೂ ಎಳೆದುಕೊಂಡು ಬಂದು ತೋರಿಸಿದರು. ಅವಳಿಗೆ ನಾಚಿಕೆಯಾಗಿ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ‘ಥೂ, ಹೋಗಿ ಅತ್ಲಾಗೆ. ಇದನ್ನ ಯಾರು ತೆಗೀ ಅಂದರು? ಕೈ ಹಂಗೆ ಹಿಡಿದದ್ದು ನನಗೇ ಗೊತ್ತಿಲ್ಲ’ ಅಂದಳು.

ಮಂಟಪದಲ್ಲಿ ಚೊಂಬು ಇನ್ನೂ ಇತ್ತು, ಅದರಲ್ಲಿ ಒಂದಿಷ್ಟು ಹಾಲೂ ಉಳಿದಿತ್ತು. ತಮ್ಮ ಹೋಗಿ ಅದನ್ನು ತಂದ. ಊಟಕ್ಕೆ ಕೂತವರು ತಿರುಗಿ ನೋಡಿದರು. ಅವನಿಗೆ ಯಾರ ಪರಿವೆಯೂ ಇರಲಿಲ್ಲ. ‘ತಗೋ ಅಕ್ಕ, ನಿನ್ನ ಕೈಯಾರೆ ಎರಿ. ಯಾರೇನಂತಾರೋ ನಾನು ನೋಡ್ಕೋತೀನಿ’ ಅಂದ.

ಅಕ್ಕ ಚೊಂಬನ್ನು ನೋಡಿದಳು, ತಮ್ಮನನ್ನು ನೋಡಿದಳು.

‘ನಾನು ಆಗಲೇ ಎರೆದಾಯ್ತಲ್ಲೋ’ ಅಂದಳು. ಅಂದವಳೇ ಗಂಡಿನ ಕಡೆಯವರ ಪಂಕ್ತಿಗೆ ಪಾಯಸ ಬಂತೋ ಇಲ್ಲವೋ ನೋಡಲು ಹೊರಟುಹೋದಳು.

ಆ ಫೋಟೋವನ್ನು ತಮ್ಮನೇ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ತನ್ನ ಮನೆಯ ನಡುಮನೆಯಲ್ಲಿ ಹಾಕಿಕೊಂಡ. ಬಂದವರು ‘ಇದೇನ್ರೀ, ನೀವೇ ಕಾಣಲ್ಲ’ ಅಂದರೆ, ‘ಧಾರೆ ಎರೆದವರು ಕಾಣ್ತಾರಲ್ಲ, ಸಾಕು ಬಿಡಿ’ ಅನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿ ಲವಂಗವನ್ನು ಕಚ್ಚಿ ನುಂಗಿದರು. ಅವರ ಮುಖದಲ್ಲಿ ತೃಪ್ತಿಯಿತ್ತು. ಆ ಮದುವೆಯ ಪಾಯಸ ತಾವೇ ಉಂಡು ಬಂದ ಹಾಗೆ ಕೂತಿದ್ದರು.

ಮಲ್ಲಿನಾಥನಿಗೆ ಸಮಾಧಾನವಾಗಲಿಲ್ಲ. “ಕತೆ ಚೆನ್ನಾಗಿದೆ, ಬುದ್ಧಿ. ಆದರೆ ಒಬ್ಬರನ್ನು ಆರಿಸಿದರೆ ಉಳಿದವರು ಮಸುಕಾಗುತ್ತಾರೆ. ಅದು ಭೇದವಾಗುವುದಿಲ್ಲವೇ? ಯಾರನ್ನೂ ಆರಿಸದೆ ಇರುವುದೇ ನ್ಯಾಯವಲ್ಲವೇ?”

ಗುರುಗಳು ಅವನ ಕಡೆ ತಿರುಗಿದರು. ಅವರ ದನಿಯಲ್ಲಿ ಈಗ ತಮಾಷೆ ಇರಲಿಲ್ಲ, ಕೋಪವೂ ಇರಲಿಲ್ಲ.

“ಇವತ್ತು ಬೆಳಿಗ್ಗೆ ನಿನ್ನ ಹತ್ತಿರ ಬಂದವರಲ್ಲಿ, ಏನೂ ಹೇಳಿಕೊಳ್ಳದೆ ಎದ್ದು ಹೋದವರು ಯಾರು, ಹೇಳು.”

ಮಲ್ಲಿನಾಥ ಬಾಯಿ ತೆರೆದ. ಒಂದು ಮುಖವೂ ನೆನಪಿಗೆ ಬರಲಿಲ್ಲ.