ಗೌಡರು ಹೆಸರಿಸಲಾರದ ಆಟ

ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಹುಟ್ಟದ ಕಾಲದಲ್ಲಿ, ಬಂಡೆಹಟ್ಟಿ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಜಗಳ ಬಂದರೆ ಬಡಿದಾಡುತ್ತಿರಲಿಲ್ಲವಂತೆ. ಚಾವಡಿಯ ಮುಂದಿನ ಬಂಡೆಯ ಮೇಲೆ ಕೂತು ಆಟ ಆಡುವುದು, ಗೆದ್ದವರ ಮಾತು ನಡೆಯುವುದು. ಅದೇ ಕಟ್ಟಳೆ.

ಆ ಊರಲ್ಲಿ ಮಾಳಕ್ಕ ಅಂತ ಒಬ್ಬಳಿದ್ದಳಂತೆ. ಕುರಿ ಕಾಯುವವಳು, ಬಾಯಿ ಜೋರು, ಆಟದಲ್ಲಿ ನನ್ನ ಸಮ ಯಾರಿದ್ದಾರೆ ಅಂತ ಅವಳೇ ಹೇಳಿಕೊಂಡು ತಿರುಗುತ್ತಿದ್ದಳಂತೆ. ಹೇಳಿಕೊಳ್ಳಲಿ ಬಿಡಿ, ಆಡಿ ತೋರಿಸುತ್ತಿದ್ದಳಲ್ಲ!

ಒಮ್ಮೆ ಊರ ಗೌಡ ಈರೇಗೌಡ, ಎಲ್ಲರ ಕುರಿ ಮೇಯುವ ಗೋಮಾಳ ತನ್ನದೆಂದು ಬೇಲಿ ಹಾಕಲು ಹೊರಟನಂತೆ. ಗೋಮಾಳ ಹೋದರೆ ಕುರಿಗೆ ಮೇವಿಲ್ಲ, ಕುರಿಯಿಲ್ಲದಿದ್ದರೆ ಹಟ್ಟಿಯವರಿಗೆ ಗಂಜಿಯಿಲ್ಲ. ಮಾಳಕ್ಕ ಅವನನ್ನು ಬಂಡೆಗೆ ಕರೆದಳಂತೆ.

ಪಗಡೆ ರಾಜರ ಆಟ, ಅದನ್ನೇ ಆಡೋಣ ಅಂದನಂತೆ ಗೌಡ. ಆಡಿದ, ಸೋತ. ಸೋತವನು ಏನಂದ ಗೊತ್ತೇ? ಪಗಡೆಯಲ್ಲಿ ಬುದ್ಧಿಯೆಲ್ಲಿದೆ, ಎಲ್ಲಾ ದಾಳದ ಅದೃಷ್ಟ, ಇದು ಗೆಲುವೇ ಅಲ್ಲ ಅಂದನಂತೆ. ಎಲಾ ಇವನ! ದಾಳ ಬೀಳುವುದು ಅದೃಷ್ಟವೇ ಇರಬಹುದು, ಬಿದ್ದದ್ದಕ್ಕೆ ಯಾವ ಕಾಯಿ ನಡೆಸಬೇಕು ಅನ್ನುವುದೂ ಅದೃಷ್ಟವೇ?

ಹುಲಿ-ಕುರಿ ಆಡೋಣ, ಹುಲಿ ನನ್ನದು ಅಂದನಂತೆ. ಮಾಳಕ್ಕ ಕುರಿ ಹಿಡಿದು, ಮೂರು ಹುಲಿಗಳೂ ಮಿಸುಕದಂತೆ ಕಟ್ಟಿಹಾಕಿದಳಂತೆ. ಆಗ ಗೌಡನ ಹೊಸ ರಾಗ. ಕುರಿ ಬಹಳ, ಹುಲಿ ಮೂರೇ, ಮಂದೆ ನುಗ್ಗಿಸುವುದಕ್ಕೆ ಬುದ್ಧಿ ಬೇಕೇ, ಬುದ್ಧಿಯೆಲ್ಲ ಹುಲಿಯ ಕಡೆ ಅಂದನಂತೆ. ಸರಿ, ಮಾಳಕ್ಕ ಹುಲಿ ಹಿಡಿದಳು. ಹೊಂಚಿ ಹೊಂಚಿ, ಹಾರಿ ಹಾರಿ, ಗೌಡನ ಮಂದೆಯನ್ನೇ ಮುಗಿಸಿದಳಂತೆ. ಹುಲಿ ಕೊಟ್ಟರೆ ಯಾರಾದರೂ ಗೆಲ್ಲುತ್ತಾರೆ ಅಂದನಂತೆ ಆ ಪುಣ್ಯಾತ್ಮ!

ಕುಣಿಯಲಾರದವನಿಗೆ ನೆಲ ಡೊಂಕು. ಅವನದಿರಲಿ, ನನ್ನ ಹೊಟ್ಟೆ ಉರಿಯುವುದು ಸುತ್ತ ಕೂತಿದ್ದ ಹಿರಿಯರನ್ನು ನೆನೆದರೆ. ಹೌದು ಗೌಡರೇ, ಹೌದು ಗೌಡರೇ ಅಂತ ತಲೆಯಾಡಿಸಿದರಂತೆ. ಗೋಮಾಳ ಅವರದೂ ಅಲ್ಲವೇ? ಥೂ, ನಾಚಿಕೆಗೇಡು!

ಮಾಳಕ್ಕ ಕಾಯಿಗಳನ್ನೆಲ್ಲ ಮಡಿಲಿಗೆ ಬಳಿದುಕೊಂಡು ಎದ್ದು ನಿಂತಳಂತೆ.

"ಬುದ್ಧಿ ಬೇಕಾಗಿರೋ ಆಟ ಯಾವ್ದು ಅಂತ ಈಗ್ಲೇ ಹೇಳ್ರಿ ಗೌಡ್ರೇ. ಆಡಿದ ಮ್ಯಾಲೆ ಬ್ಯಾಡ, ಆಡೋಕೆ ಮುಂಚೆ ಹೇಳ್ರಿ. ಅದನ್ನೇ ಆಡಾನ."

ಗೌಡ ಪಗಡೆ ಅನ್ನಲಿಲ್ಲ, ಹುಲಿ ಅನ್ನಲಿಲ್ಲ, ಕುರಿ ಅನ್ನಲಿಲ್ಲ. ಯಾವುದನ್ನು ಹೆಸರಿಸಿದರೂ ಅದರಲ್ಲೇ ಸೋಲಬೇಕಲ್ಲ! ಹೆಗಲ ವಲ್ಲಿ ಕೊಡವಿ ಎದ್ದು ಹೋದನಂತೆ. ಬೇಲಿಗೆ ತಂದಿದ್ದ ಮುಳ್ಳನ್ನು ಹಟ್ಟಿಯವರು ಒಲೆಗೆ ಹಾಕಿದರಂತೆ.

ಈಗಲೂ ಆ ಬಂಡೆಯ ಮೇಲೆ ಕೂತವರು ಕಾಯಿ ಮುಟ್ಟುವ ಮೊದಲು ಎಲ್ಲರಿಗೂ ಕೇಳುವಂತೆ "ಇದು ಬುದ್ಧಿ ಆಟ" ಅನ್ನಬೇಕು. ಅನ್ನದವರಿಗೆ ಕಾಯಿ ಕೊಡುವುದಿಲ್ಲ. ಗೌಡರ ಮನೆಯವರು ಕೂತರೆ ಮಾತ್ರ, ಎರಡು ಸಲ ಹೇಳಿಸುತ್ತಾರೆ.